ವಾರ್ಡಿನಲ್ಲಿ ಎಡವದೆ, ಜಾರದೆ ಡ್ಯೂಟಿ ಮಾಡಿ

ಹೊಸದಾಗಿ ವಾರ್ಡಿಗೆ ಬರುವ ಹುಡುಗಿಯರಿಗೆ ಇಂಜೆಕ್ಷನ್ ಟ್ರೇಗಿಂತ ಮೊದಲು ನಾನು ತೋರಿಸುವುದು ಮಂಚದ ಹ್ಯಾಂಡಲ್. ತಲೆ ಕಡೆ ಎತ್ತಲು ಕಾಲ ಬುಡದಲ್ಲಿ ತಿರುಗಿಸುತ್ತೇವಲ್ಲ, ಅದೇ. ತಿರುಗಿಸಿದ ಮೇಲೆ ಒಳಗೆ ಮಡಚಿ. ಇಲ್ಲದಿದ್ದರೆ ರಾತ್ರಿ ರೌಂಡ್ಸ್‌ನಲ್ಲಿ ಅದಕ್ಕೆ ಎಡವುವವರು ನೀವೇ.

ಕಾರಿಡಾರನ್ನು ಉದ್ದಕ್ಕೆ ಅರ್ಧ ಮಾತ್ರ ಒರೆಸಲು ಹೇಳಿ. ಅದು ಒಣಗಿದ ಮೇಲೆ ಇನ್ನರ್ಧ. 'ನೆಲ ಒದ್ದೆ' ಎನ್ನುವ ಹಳದಿ ಬೋರ್ಡ್ ಇಡಿ, ಒಣಗಿದ ಕೂಡಲೇ ತೆಗೆಯಿರಿ. ದಿನವಿಡೀ ಸುಮ್ನೆ ನಿಂತ ಬೋರ್ಡನ್ನು ಯಾರು ನಂಬುತ್ತಾರೆ? ನೆಲಕ್ಕೆ ಸಲೈನ್, ಇಸಿಜಿ ಜೆಲ್ ಬಿದ್ದರೆ ಕಂಡವರೇ ಒರೆಸಬೇಕು. ರಕ್ತ, ಮೂತ್ರವಾದರೆ ಗ್ಲೌಸ್ ಹಾಕಿಕೊಳ್ಳಿ. ಆಯಮ್ಮ ಬರಲಿ ಅಂತ ಕಾಯುವಷ್ಟರಲ್ಲಿ ಆಯಮ್ಮನೇ ಜಾರಿರುತ್ತಾರೆ.

ಮಾನಿಟರ್ ವೈರು ಗೋಡೆ ಬದಿಗಿರಲಿ. ಚಪ್ಪಲಿ ಬೇಡ, ಹಿಮ್ಮಡಿ ಹಿಡಿಯುವ, ಅಡಿ ಸವೆದಿರದ ಶೂ ಹಾಕಿ.

ಬಿದ್ದೇಬಿಟ್ಟರೆ? ನಾಚಿಕೆಯಿಂದ ತಟ್ಟನೆ ಏಳಬೇಡಿ. ಸೊಂಟ, ಮಣಿಕಟ್ಟು, ಪಾದ ನಿಧಾನ ಅಲ್ಲಾಡಿಸಿ ನೋಡಿ. ತಲೆಗೆ ಪೆಟ್ಟಾಗಿದ್ದರೆ ಕ್ಯಾಷುವಾಲ್ಟಿಗೆ ಹೋಗಲೇಬೇಕು. ಚೀಟಿಯಲ್ಲಿ 'ಡ್ಯೂಟಿಯಲ್ಲಿ ಬಿದ್ದದ್ದು' ಎಂದು ಬರೆಸಿ. ಅಪಘಾತದ ಪುಸ್ತಕದಲ್ಲಿ ಸಮಯ, ಜಾಗ, ಕಾರಣ, ನೋಡಿದವರ ಹೆಸರು ಅವತ್ತೇ ದಾಖಲಾಗಲಿ. ಇದಕ್ಕೆ ನಮ್ಮವರು ಜಾಸ್ತಿ ಉದಾಸೀನ ಮಾಡುತ್ತಾರೆ. ಊತ ಕೆಲವೊಮ್ಮೆ ಮರುದಿನ ಬರುತ್ತದೆ, ಆಗ ಸಾಕ್ಷಿ ಹುಡುಕುವುದು ಕಷ್ಟ ಅಲ್ವಾ? ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವವರಿಗೆ ಕೆಲಸದಲ್ಲಾದ ಗಾಯಕ್ಕೆ ಸಂಬಳದ ಸುಮಾರು 90% ಭತ್ಯೆ ಸಿಗುತ್ತದೆ. ಬಿದ್ದ ದಿನ ಬಿಟ್ಟು ಕನಿಷ್ಠ 3 ದಿನ ಕೆಲಸ ಮಾಡಲಾಗದಿದ್ದರೆ ಮಾತ್ರ. ಗುತ್ತಿಗೆಯ ಹೌಸ್‌ಕೀಪಿಂಗ್‌ನವರೂ ತಮ್ಮ ಇಎಸ್‌ಐ ನಂಬರ್ ಬರೆದಿಟ್ಟುಕೊಳ್ಳಿ.