ಅಪರೂಪದ ವಸ್ತುಗಳಲ್ಲಿ ಯಾವುದನ್ನು ಬಿಟ್ಟುಕೊಡಬೇಕು: ರೋಲ್‌ಪ್ಲೇಯಿಂಗ್ ಆಟಗಾರರಿಗೆ ಒಂದು ಕೈಪಿಡಿ

ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಹಾಕುತ್ತಾ ಕಥೆ ಮುಂದುವರಿಸುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಕೆಲವು ತಿಂಗಳು ಬಿಡದೆ ಆಡಿದ ಯಾವುದೇ ತಂಡಕ್ಕೂ ಒಂದು ದಿನ ಈ ಇಕ್ಕಟ್ಟು ಎದುರಾಗುತ್ತದೆ: ಸಿಕ್ಕಿರುವ ಮಾಂತ್ರಿಕ ವಸ್ತುಗಳೆಲ್ಲವನ್ನೂ ಒಟ್ಟಿಗೆ ಬಳಸಲು ನಿಯಮ ಬಿಡುವುದಿಲ್ಲ, ಕೊಡಲು ಮನಸ್ಸು ಒಪ್ಪುವುದಿಲ್ಲ. ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆಯ ಮನೆಗಳಲ್ಲಿ ಭಾನುವಾರ ಊಟ ಮುಗಿಸಿ ಮೇಜಿನ ಸುತ್ತ ಕೂರುವ ಗುಂಪುಗಳಲ್ಲಿ ನಾನು ಕಂಡಂತೆ, ಹೆಚ್ಚಿನವರು ಇದಕ್ಕೆ ಕಂಡುಕೊಳ್ಳುವ ದಾರಿ ಒಂದೇ. ಅಪರೂಪತೆಯ ದರ್ಜೆಯಲ್ಲಿ ಮೇಲಿರುವುದನ್ನು ಉಳಿಸಿಕೊಂಡು ಕೆಳಗಿರುವುದನ್ನು ಕೊಟ್ಟುಬಿಡುತ್ತಾರೆ. ಈ ದಾರಿ ತಪ್ಪು ಎಂಬುದು ನನ್ನ ಅಭಿಪ್ರಾಯ, ಮತ್ತು ಅದಕ್ಕೆ ಪುರಾವೆ ಆಟದ ಪುಸ್ತಕದಲ್ಲಿಯೇ ಇದೆ.

ಆಟದ ಐದನೆಯ ಆವೃತ್ತಿಯ ಕ್ಲೋಕ್ ಆಫ್ ಪ್ರೊಟೆಕ್ಷನ್ ಎಂಬ ಹೊದಿಕೆಯನ್ನೂ ರಿಂಗ್ ಆಫ್ ಪ್ರೊಟೆಕ್ಷನ್ ಎಂಬ ಉಂಗುರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡೂ ಧರಿಸಿದವರ ಎಸಿಗೆ (ಹೊಡೆತ ತಗುಲದಂತೆ ಕಾಯುವ ಅಂಕಿ) ಒಂದು, ಎಲ್ಲ ಸೇವಿಂಗ್ ಥ್ರೋಗಳಿಗೆ (ಮಂತ್ರ, ವಿಷದಂಥ ಅಪಾಯದಿಂದ ಪಾರಾಗಲು ಹಾಕುವ ದಾಳ) ಒಂದು ಸೇರಿಸುತ್ತವೆ. ಎರಡಕ್ಕೂ ಅಟ್ಯೂನ್‌ಮೆಂಟ್ ಬೇಕು, ಅಂದರೆ ವಸ್ತುವಿನ ಶಕ್ತಿಯನ್ನು ಬಳಸಲು ಪಾತ್ರ ಮೊದಲು ಅದರೊಂದಿಗೆ ಬೆಸೆದುಕೊಳ್ಳಬೇಕು. ಆದರೆ ಹೊದಿಕೆಯ ದರ್ಜೆ ಅನ್‌ಕಾಮನ್, ಉಂಗುರದ ದರ್ಜೆ ಅದಕ್ಕಿಂತ ಮೇಲಿನ ರೇರ್. 2014ರ ಡಂಜನ್ ಮಾಸ್ಟರ್ಸ್ ಗೈಡ್ ಎಂಬ ನಿಯಮಪುಸ್ತಕ ಅನ್‌ಕಾಮನ್ ವಸ್ತುವಿಗೆ 101ರಿಂದ 500 ಚಿನ್ನದ ನಾಣ್ಯ, ರೇರ್ ವಸ್ತುವಿಗೆ 501ರಿಂದ 5,000 ನಾಣ್ಯ ಬೆಲೆ ಸೂಚಿಸುತ್ತದೆ. ಅಂದರೆ ಮಾಡುವ ಕೆಲಸ ಒಂದೇ ಆಗಿದ್ದರೂ ಬೆಲೆ ಹಲವು ಪಟ್ಟು ಬೇರೆಯಾಗಬಹುದು. ತಂಡಕ್ಕೆ ಹಣದ ಅಗತ್ಯವಿದ್ದು ಇವೆರಡರಲ್ಲಿ ಒಂದನ್ನು ಮಾರಬೇಕಾಗಿ ಬಂದರೆ, ಮಾರಬೇಕಾದದ್ದು ಹೆಚ್ಚು ಅಪರೂಪದ್ದನ್ನೇ. ದರ್ಜೆಯು ವಸ್ತುವನ್ನು ಮಾರುವಾಗ ಎಷ್ಟು ಬರಬಹುದು ಎಂಬುದನ್ನು ಸೂಚಿಸುತ್ತದೆಯೇ ಹೊರತು, ಮುಂದಿನ ಕಾಳಗದಲ್ಲಿ ಅದು ಎಷ್ಟು ಆಗಿಬರುತ್ತದೆ ಎಂಬುದನ್ನಲ್ಲ.

ಆದ್ದರಿಂದ ಮೊದಲು ನೋಡಬೇಕಾದದ್ದು ಜಾಗ. ಒಂದು ಪಾತ್ರ ಏಕಕಾಲಕ್ಕೆ ಮೂರು ವಸ್ತುಗಳಿಗಷ್ಟೇ ಅಟ್ಯೂನ್ ಆಗಬಹುದು ಎಂಬ ನಿಯಮ 2014ರ ಪುಸ್ತಕದಲ್ಲಿಯೂ 2024ರ ಪರಿಷ್ಕೃತ ಪುಸ್ತಕದಲ್ಲಿಯೂ ಇದೆ. ಮಾಂತ್ರಿಕ ವಸ್ತುಗಳನ್ನು ತಯಾರಿಸುವ ಆರ್ಟಿಫಿಸರ್‌ನಂಥ ಕೆಲವರಿಗೆ ಮಾತ್ರ ಮೇಲಿನ ಹಂತಗಳಲ್ಲಿ ಈ ಮಿತಿ ಸಡಿಲವಾಗುತ್ತದೆ. ಹೀಗಿರುವಾಗ ನಾಲ್ಕನೆಯ ಅಟ್ಯೂನ್‌ಮೆಂಟ್ ವಸ್ತು ಎಷ್ಟೇ ಬೆಲೆಬಾಳಲಿ, ಅದನ್ನು ಹಿಡಿದುಕೊಂಡವನ ಮಟ್ಟಿಗೆ ಅದು ಬರೀ ಹೊರೆ. ಪ್ರತಿಯೊಬ್ಬ ಆಟಗಾರನೂ ಪಾತ್ರದ ವಿವರ ಬರೆದಿಡುವ ಕ್ಯಾರಕ್ಟರ್ ಶೀಟಿನ ಹಿಂಬದಿಯಲ್ಲಿ ಮೂರು ಗೆರೆ ಎಳೆದು, ಆ ಮೂರು ಜಾಗಗಳಲ್ಲಿ ಈಗ ಏನಿದೆ ಎಂದು ಬರೆದುಕೊಳ್ಳಲಿ. ನಾಲ್ಕನೆಯದಕ್ಕೆ ಗೆರೆಯೇ ಇಲ್ಲ ಎಂಬುದು ಕಣ್ಣಿಗೆ ಕಾಣಿಸಿದ ಮೇಲೆ ಅರ್ಧ ವಾದ ತಾನಾಗಿ ಮುಗಿಯುತ್ತದೆ.

ಉಳಿದ ಅರ್ಧ ವಾದವನ್ನು ಲೆಕ್ಕ ಹಾಕಿಯೇ ಮುಗಿಸಬೇಕು. ಏಳನೆಯ ಹಂತದ ಪ್ಯಾಲಡಿನ್ (ಪವಿತ್ರ ಯೋಧ) ಒಬ್ಬನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅವನ ಸ್ಟ್ರೆಂಗ್ತ್, ಅಂದರೆ ದೇಹಬಲದ ಅಂಕಿ, 16. ಅವನ ಬಳಿ ಫ್ಲೇಮ್ ಟಂಗ್ ಕತ್ತಿ, ಗಾಂಟ್ಲೆಟ್ಸ್ ಆಫ್ ಓಗರ್ ಪವರ್ ಎಂಬ ಕೈಗವಸು, ಕ್ಲೋಕ್ ಆಫ್ ಪ್ರೊಟೆಕ್ಷನ್ ಮತ್ತು ವಿಂಗ್ಡ್ ಬೂಟ್ಸ್ ಎಂಬ ಹಾರುವ ಪಾದರಕ್ಷೆ ಇವೆ; ನಾಲ್ಕಕ್ಕೂ ಅಟ್ಯೂನ್‌ಮೆಂಟ್ ಬೇಕು. ಇವುಗಳಲ್ಲಿ ಕೈಗವಸು ಸ್ಟ್ರೆಂಗ್ತನ್ನು ಒಮ್ಮೆಗೇ 19ಕ್ಕೆ ಏರಿಸುತ್ತದೆ ಎಂಬುದನ್ನು ಕೇಳಿದೊಡನೆ ಯಾವ ಯೋಧನೂ ಅದನ್ನು ಬಿಡಲು ಒಪ್ಪುವುದಿಲ್ಲ. ಆದರೆ ದಾಳಕ್ಕೆ ಸೇರುವುದು ಸ್ಟ್ರೆಂಗ್ತಿನ ಅಂಕಿಯಲ್ಲ, ಅದರಿಂದ ಬರುವ ಮಾಡಿಫೈಯರ್ ಎಂಬ ಚಿಕ್ಕ ಅಂಕಿ. 16ಕ್ಕೆ ಸಿಗುವುದು ಮೂರು, 19ಕ್ಕೆ ಸಿಗುವುದು ನಾಲ್ಕು. ಇಪ್ಪತ್ತು ಮುಖದ ದಾಳದಲ್ಲಿ ಒಂದು ಅಂಕಿಯೆಂದರೆ ನೂರಕ್ಕೆ ಐದರಷ್ಟು ಹೆಚ್ಚಿನ ಅವಕಾಶ, ಜೊತೆಗೆ ಪ್ರತಿ ಹೊಡೆತಕ್ಕೆ ಒಂದು ಹೆಚ್ಚಿನ ಹಾನಿ. ಮೇಲಾಗಿ ಎಂಟನೆಯ ಹಂತದಲ್ಲಿ ಆ ಪ್ಯಾಲಡಿನ್ ತನ್ನ ಸ್ಟ್ರೆಂಗ್ತನ್ನು 18ಕ್ಕೆ ಏರಿಸಿಕೊಂಡನೆಂದರೆ ಆಗಲೂ ಮಾಡಿಫೈಯರ್ ನಾಲ್ಕೇ ಆಗುವುದರಿಂದ, ಕೈಗವಸು ಹಾಕಿಕೊಂಡರೂ ಹೊಡೆತದಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಅದೇ ಕೈಗವಸನ್ನು ಪಕ್ಕದಲ್ಲಿ ಕುಳಿತ ಲೈಫ್ ಡೊಮೇನಿನ ಕ್ಲೆರಿಕ್‌ಗೆ (ಗಾಯ ವಾಸಿಮಾಡುವ ಪುರೋಹಿತೆ) ಕೊಟ್ಟು ನೋಡಿ. ಅವಳ ಸ್ಟ್ರೆಂಗ್ತ್ 10, ಮೈಮೇಲೆ ಪ್ಲೇಟ್ ಕವಚ. ಪ್ಲೇಟ್ ಕವಚಕ್ಕೆ 15 ಸ್ಟ್ರೆಂಗ್ತ್ ಬೇಕು. ಇಲ್ಲದಿದ್ದರೆ ನಡೆಯ ವೇಗ ಹತ್ತು ಅಡಿ ಕುಗ್ಗುತ್ತದೆ. ಕವಚದ ತೂಕವೇ 65 ಪೌಂಡ್. ಸ್ಟ್ರೆಂಗ್ತಿನ ಹದಿನೈದು ಪಟ್ಟು ಪೌಂಡ್ ಹೊರಬಹುದು ಎಂಬ ನಿಯಮದ ಪ್ರಕಾರ ಅವಳು ಹೊರಬಲ್ಲದ್ದು 150 ಪೌಂಡ್ ಮಾತ್ರ. ಕೈಗವಸು ಹಾಕಿಕೊಂಡ ಕ್ಷಣ ಮಾಡಿಫೈಯರ್ ಸೊನ್ನೆಯಿಂದ ನಾಲ್ಕಕ್ಕೆ ಏರುತ್ತದೆ, ಕುಗ್ಗಿದ ವೇಗ ಮರಳಿ ಬರುತ್ತದೆ, ಹೊರುವ ಸಾಮರ್ಥ್ಯ 285 ಪೌಂಡ್ ಆಗುತ್ತದೆ, ಮತ್ತು ಗಾಯಗೊಂಡು ಬಿದ್ದವನನ್ನು ಎಳೆದು ತರುವ ಕೆಲಸವನ್ನು ಅವಳೇ ಮಾಡಬಹುದು. ಪ್ಯಾಲಡಿನ್ ಕಳೆದುಕೊಂಡದ್ದು ಒಂದು ಅಂಕಿ, ತಂಡ ಪಡೆದದ್ದು ಅದರ ಎಷ್ಟೋ ಪಟ್ಟು. ಬಿಟ್ಟುಕೊಡುವುದೆಂದರೆ ಮಾರುವುದು ಎಂದೇ ತಿಳಿಯಬೇಕಾಗಿಲ್ಲ. ಮೇಜಿನ ಎಡಗಡೆಯಿಂದ ಬಲಗಡೆಗೆ ದಾಟಿಸುವುದೂ ಬಿಟ್ಟುಕೊಡುವುದೇ, ಮತ್ತು ಬಹಳ ಸಲ ಅದೇ ಒಳ್ಳೆಯದು.

ಫ್ಲೇಮ್ ಟಂಗ್ ಕತ್ತಿಯ ವಿಚಾರ ಬೇರೆ. ಅದು ಪ್ರತಿ ಹೊಡೆತಕ್ಕೆ ಎರಡು ಆರುಮುಖದ ದಾಳಗಳಷ್ಟು, ಅಂದರೆ ಸರಾಸರಿ ಏಳು ಬೆಂಕಿಯ ಹಾನಿ ಸೇರಿಸುತ್ತದೆ. ಎರಡು ಬಾರಿ ಹೊಡೆಯುವ ಪ್ಯಾಲಡಿನ್‌ಗೆ ಎರಡೂ ತಗುಲಿದರೆ ಹದಿನಾಲ್ಕು. ಸಾಮಾನ್ಯವಾಗಿ ಅದನ್ನು ಕೊಡುವ ಮಾತೇ ಬರಬಾರದು. ಆದರೆ ಕಥೆ ನರಕದ ಕಡೆಗೆ ಸಾಗುತ್ತಿದ್ದರೆ ಈ ಲೆಕ್ಕ ತಲೆಕೆಳಗಾಗುತ್ತದೆ, ಏಕೆಂದರೆ ಡೆವಿಲ್ ವರ್ಗದ ಬಹುತೇಕ ಎದುರಾಳಿಗಳಿಗೆ ಬೆಂಕಿ ತಾಗುವುದೇ ಇಲ್ಲ. ವಸ್ತುವನ್ನು ತೂಗುವಾಗ ಹಿಂದೆ ಗೆದ್ದ ಕಾಳಗಗಳನ್ನಲ್ಲ, ಆಟ ನಡೆಸುವ ಡಂಜನ್ ಮಾಸ್ಟರ್ (ಡಿಎಂ) ಕೊಟ್ಟಿರುವ ಸುಳಿವುಗಳಿಂದ ಮುಂದೆ ಬರಲಿರುವ ಎದುರಾಳಿಗಳನ್ನು ನೋಡಬೇಕು. ಬೂಟುಗಳ ಬಗ್ಗೆ ನನ್ನ ಒಲವು ತಂಡದ ಮಂತ್ರವಾದಿಯಾದ ವಿಝರ್ಡ್ ಕಡೆಗಿದೆ. ನೆಲದ ಮೇಲೆ ಎದುರಾಳಿಯನ್ನು ತಡೆದು ನಿಲ್ಲಬೇಕಾದ ಪ್ಯಾಲಡಿನ್ ಆಕಾಶದಲ್ಲಿ ತೇಲುತ್ತಿದ್ದರೆ ಹಿಂದಿರುವವರನ್ನು ಕಾಯುವವರು ಯಾರು?

ಅಟ್ಯೂನ್‌ಮೆಂಟ್ ಬೇಡದ ವಸ್ತುಗಳ ಬಗ್ಗೆ ಮಾತ್ರ ಇಷ್ಟು ಬಿಗಿಯಾಗಿರಬೇಕಾಗಿಲ್ಲ. ನಮ್ಮ ಮೇಜಿನಲ್ಲಿ ಒಮ್ಮೆ ಇಮ್ಮೂವಬಲ್ ರಾಡ್ ಎಂಬ ಕೋಲನ್ನು ಮಾರುವ ಮಾತು ಬಂದಾಗ, ಮಂಡ್ಯದಿಂದ ರೈಲಿನಲ್ಲಿ ಬಂದು ಆಡುವ ಗೆಳೆಯರೊಬ್ಬರು, "ಬಿಡ್ರಲಾ, ಅದೊಂದು ಇರ್ಲಿ. ಏನ್ ಅನ್ನ ಕೇಳ್ತದಾ ಅದು?" ಎಂದರು. ಗುಂಡಿ ಒತ್ತಿದರೆ ಗಾಳಿಯಲ್ಲಿಯೇ ನಿಂತು 8,000 ಪೌಂಡ್ ತಡೆಯಬಲ್ಲ ಆ ಕೋಲು ಜಾಗವನ್ನೂ ಕೇಳುವುದಿಲ್ಲ, ತೂಕವೂ ಹೆಚ್ಚಿಲ್ಲ. ಬಾಗಿಲಿಗೆ ಅಗುಳಿಯಾಗಿ, ಬಂಡೆಯ ಅಂಚಿನಲ್ಲಿ ಹಗ್ಗ ಕಟ್ಟುವ ಗೂಟವಾಗಿ ಯಾವಾಗಲಾದರೂ ಬೇಕಾಗುತ್ತದೆ. ಅನ್ನ ಕೇಳದ ವಸ್ತುಗಳನ್ನು ಕೊನೆಗೆ ಕೊಟ್ಟರಾಯಿತು. ಹಾಗೆಂದು ಎಲ್ಲವನ್ನೂ ಹೊರಗಿಗಿಂತ ಒಳಗೆ ದೊಡ್ಡದಾದ ಬ್ಯಾಗ್ ಆಫ್ ಹೋಲ್ಡಿಂಗ್ ಚೀಲಕ್ಕೆ ತುಂಬುತ್ತಾ ಹೋಗುವುದೂ ಸಲ್ಲದು. ಆ ಚೀಲ ಹಿಡಿಯುವುದು 500 ಪೌಂಡ್. ಅದರೊಳಗೆ ಪೋರ್ಟಬಲ್ ಹೋಲ್‌ನಂಥ, ಇದೇ ಬಗೆಯ ಇನ್ನೊಂದು ಮಾಂತ್ರಿಕ ವಸ್ತುವನ್ನು ಇಟ್ಟರೆ ಎರಡೂ ನಾಶವಾಗಿ, ಆಸ್ಟ್ರಲ್ ಲೋಕಕ್ಕೆ ತೆರೆದುಕೊಳ್ಳುವ ದ್ವಾರ ಸುತ್ತಲಿದ್ದವರನ್ನು ಎಳೆದುಕೊಳ್ಳುತ್ತದೆ. ಏನನ್ನೂ ಬಿಡಲಾರದೆ ಚೀಲದ ಮೇಲೆ ಚೀಲ ಸೇರಿಸುವ ತಂಡಗಳಿಗೆ ಈ ನಿಯಮ ಗೊತ್ತಿರುವುದು ಒಳ್ಳೆಯದು.

ಒಮ್ಮೆ ಬಳಸಿದರೆ ಮುಗಿದುಹೋಗುವ ಮದ್ದು, ಮಂತ್ರ ಬರೆದ ಸುರುಳಿಗಳ ಲೆಕ್ಕ ಇನ್ನೂ ಬೇರೆ. ಪೋಷನ್ ಆಫ್ ಸ್ಪೀಡ್ ಎಂಬ ಮದ್ದು ರೇರ್‌ಗಿಂತಲೂ ಮೇಲಿನ ವೆರಿ ರೇರ್ ದರ್ಜೆಯದು ಎಂಬ ಒಂದೇ ಕಾರಣಕ್ಕೆ ಅದನ್ನು ಕೊನೆಯವರೆಗೆ ಮುಟ್ಟದೆ ಇಟ್ಟುಕೊಳ್ಳುವವರು ಬಹಳ. ಚೌಕಾಬಾರದಲ್ಲಿ ಕಟ್ಟೆಯಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯಲಾರರು, ಆದರೆ ಅಲ್ಲಿಯೇ ಕೂತರೆ ಅದು ಹಣ್ಣೂ ಆಗುವುದಿಲ್ಲ. ಇಂಥವನ್ನು ಮಾರುವುದಕ್ಕಿಂತ ಬಳಸಿಬಿಡುವುದೇ ಲೇಸು. ಸುರುಳಿಗಳಲ್ಲಿ ಒಂದು ಸೂಕ್ಷ್ಮವಿದೆ: ಆ ಮಂತ್ರ ನಿಮ್ಮ ವರ್ಗದ ಪಟ್ಟಿಯಲ್ಲಿಲ್ಲದಿದ್ದರೆ ಸಾಮಾನ್ಯವಾಗಿ ಸುರುಳಿಯನ್ನು ಓದಿ ಪ್ರಯೋಗಿಸಲಾಗುವುದಿಲ್ಲ, ಆದ್ದರಿಂದ ತಂಡದಲ್ಲಿ ಯಾರಿಗೂ ಆಗದ ಸುರುಳಿಯನ್ನು ಮೊದಲು ಮಾರಬೇಕು. ವಿಝರ್ಡ್ ಪಟ್ಟಿಯಲ್ಲಿರುವ ಮಂತ್ರವಾದರೆ ವಿಝರ್ಡ್ ಅದನ್ನು ತನ್ನ ಪುಸ್ತಕಕ್ಕೆ ನಕಲು ಮಾಡಿಕೊಳ್ಳಬಹುದು. ಅದಕ್ಕೆ ಮಂತ್ರದ ಪ್ರತಿ ಹಂತಕ್ಕೆ ಎರಡು ಗಂಟೆ ಮತ್ತು 50 ಚಿನ್ನದ ನಾಣ್ಯ ಬೇಕಾಗುತ್ತದೆ. ಪ್ರಯತ್ನ ಫಲಿಸಲಿ ಬಿಡಲಿ, ಸುರುಳಿಯಂತೂ ನಾಶವಾಗುತ್ತದೆ. ಹೆಚ್ಚು ಹಂತದ ಮಂತ್ರವಾದಷ್ಟೂ ವಿಫಲವಾಗುವ ಸಾಧ್ಯತೆ ಹೆಚ್ಚುವುದರಿಂದ, ತಂಡದಲ್ಲಿ ಒಂದೇ ಪ್ರತಿ ಇರುವಾಗ ಮುಂದಿನ ಕಾಳಗ ಮುಗಿಯುವವರೆಗೆ ಕಾಯುವುದು ಜಾಣತನ.

ಶಾಪಗ್ರಸ್ತ ವಸ್ತುಗಳನ್ನು ಕೊಡುವ ನಿರ್ಧಾರ ನಿಮ್ಮ ಕೈಯಲ್ಲಿರುವುದೇ ಇಲ್ಲ. 2014ರ ನಿಯಮದಂತೆ ವಸ್ತುವಿನ ಗುಣ ತಿಳಿಸುವ ಐಡೆಂಟಿಫೈ ಮಂತ್ರಕ್ಕೂ ಶಾಪ ಗೋಚರಿಸುವುದಿಲ್ಲ, ಮತ್ತು ಶಾಪವಿರುವ ವಸ್ತುವಿಗೆ ಒಮ್ಮೆ ಅಟ್ಯೂನ್ ಆದರೆ ಶಾಪ ಕಳೆಯುವವರೆಗೆ ಸಾಮಾನ್ಯವಾಗಿ ಬಿಡಿಸಿಕೊಳ್ಳಲು ಬರುವುದಿಲ್ಲ. ಮೂಲ ತಿಳಿಯದ ಆಯುಧಕ್ಕೆ ಜಾಗ ಕೊಡುವ ಮುನ್ನ ಕ್ಲೆರಿಕ್ ಬಳಿ ಶಾಪ ಕಳೆಯುವ ರಿಮೂವ್ ಕರ್ಸ್ ಮಂತ್ರ ಸಿದ್ಧವಿದೆಯೇ ಎಂದು ಕೇಳಿಕೊಳ್ಳಿ.

ಕಂಪ್ಯೂಟರಿನಲ್ಲಿ ಆಡುವವರಿಗೆ ನಿಯಮಗಳು ಬದಲಾಗುತ್ತವೆ. 2023ರಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ಇದೇ ಐದನೆಯ ಆವೃತ್ತಿಯನ್ನು ಆಧರಿಸಿದ್ದರೂ ಅದರಲ್ಲಿ ಅಟ್ಯೂನ್‌ಮೆಂಟ್ ಮಿತಿಯಿಲ್ಲ. ಆದರೆ ಮೊದಲ ಅಂಕದಲ್ಲಿಯೇ ಗೇಲ್ ಎಂಬ ಸಂಗಾತಿ ತನ್ನೊಳಗಿನ ತೊಂದರೆಯನ್ನು ತಣಿಸಲು ಮಾಂತ್ರಿಕ ವಸ್ತುಗಳನ್ನು ಕೇಳುತ್ತಾನೆ. ಕೊಟ್ಟದ್ದು ಮರಳಿ ಬರುವುದಿಲ್ಲ, ಕೊಡುವುದೇ ಇಲ್ಲವೆಂದು ಹಟ ಹಿಡಿದರೆ ಅವನು ತಂಡ ಬಿಟ್ಟು ಹೋಗಬಹುದು. ಇಲ್ಲಿ ದರ್ಜೆಗೆ ಮರುಳಾಗಬೇಡಿ. ಒಳ್ಳೆಯ ವಸ್ತು ಕೊಟ್ಟರೆ ಅವನು ಹೆಚ್ಚು ತೃಪ್ತನಾಗುತ್ತಾನೆಂಬ ಊಹೆ ಬೇಡ. ನಿಮ್ಮ ಸಂಗಾತಿಗಳಲ್ಲಿ ಯಾರೂ ತೊಡದ ಹಸಿರು (ಅನ್‌ಕಾಮನ್) ದರ್ಜೆಯ ಉಂಗುರವೋ ಆಯುಧವೋ ಸಾಕು. ಅದಕ್ಕಾಗಿ ಆರಂಭದಿಂದಲೇ ಎರಡು ಮೂರು ಬೇಡವಾದ ಮಾಂತ್ರಿಕ ವಸ್ತುಗಳನ್ನು ಮಾರದೆ ಕ್ಯಾಂಪಿನ ಪೆಟ್ಟಿಗೆಗೆ ಕಳುಹಿಸಿಡಿ.

2011ರ ಸ್ಕೈರಿಮ್ ಆಟದಲ್ಲಿ ಮಿತಿ ಇರುವುದು ತೂಕಕ್ಕೆ. ಆರಂಭದಲ್ಲಿ 300 ಹೊರಬಹುದು, ಮುಂದೆ ಸ್ಟ್ಯಾಮಿನಾ ಏರಿಸಿದಂತೆ ಅದೂ ಏರುತ್ತದೆ. ಮಾಂತ್ರಿಕ ಗುಣವುಳ್ಳ ವಸ್ತುವನ್ನು ಎನ್‌ಚಾಂಟಿಂಗ್ ಮೇಜಿನ ಮೇಲೆ ಒಡೆದರೆ ವಸ್ತು ಹೋಗಿ ಗುಣ ನಿಮ್ಮದಾಗುತ್ತದೆ. ಆದ್ದರಿಂದ ಯಾವುದೇ ಗುಣದ ಮೊದಲ ವಸ್ತುವನ್ನು ಒಡೆಯಿರಿ, ಅದೇ ಗುಣದ ಎರಡನೆಯದನ್ನು ಮಾರಿರಿ. ಉಳಿಸಿಕೊಳ್ಳುವುದನ್ನು ಸಿಕ್ಕ ಪೀಪಾಯಿಯಲ್ಲಿ ಇಡಬೇಡಿ. ಆಟದ ಲೋಕದ ಹಲವು ಪೆಟ್ಟಿಗೆಗಳು ಕೆಲವು ದಿನಗಳ ನಂತರ ಖಾಲಿಯಾಗಿ ಹೊಸದಾಗಿ ತುಂಬಿಕೊಳ್ಳುತ್ತವೆ, ಒಳಗಿಟ್ಟದ್ದು ಮಾಯವಾಗುತ್ತದೆ. ವೈಟ್‌ರನ್ ಊರಿನ ಬ್ರೀಝ್‌ಹೋಮ್ ಮನೆ 5,000 ನಾಣ್ಯಕ್ಕೆ ಸಿಗುತ್ತದೆ. ಎರಡು ಮೂರು ಅಪರೂಪದ ವಸ್ತುಗಳನ್ನು ಮಾರಿಯಾದರೂ ಅದನ್ನು ಕೊಳ್ಳುವುದು ಲಾಭವೇ.

2022ರ ಎಲ್ಡನ್ ರಿಂಗ್‌ನಲ್ಲಿ ದೊಡ್ಡ ಎದುರಾಳಿಗಳನ್ನು ಸೋಲಿಸಿದಾಗ ಸಿಗುವ ರಿಮೆಂಬ್ರೆನ್ಸ್ ಎಂಬ ವಸ್ತುಗಳನ್ನು ಬಳಸಿ ರೂನ್‌ಗಳನ್ನಾಗಿ (ಆ ಆಟದ ಹಣ) ಮಾಡಿಕೊಳ್ಳಬಹುದು, ಅಥವಾ ರೌಂಡ್‌ಟೇಬಲ್ ಹೋಲ್ಡ್‌ನಲ್ಲಿರುವ ಎನಿಯಾಗೆ ಕೊಟ್ಟು ಆಯುಧವನ್ನೋ ಮಂತ್ರವನ್ನೋ ಪಡೆಯಬಹುದು. ರೂನ್‌ಗಳನ್ನು ಬೇರೆಡೆಯೂ ಗಳಿಸಬಹುದಾದ್ದರಿಂದ ಮೊದಲ ದಾರಿ ನಷ್ಟದ್ದು. ಎನಿಯಾ ಕೊಡುವ ಎರಡು ಆಯ್ಕೆಗಳೂ ಬೇಕೆನಿಸಿದರೆ, ನಡೆದಾಡುವ ಸಮಾಧಿಮಂದಿರಗಳಲ್ಲಿ ಅದರ ನಕಲು ಮಾಡಿಕೊಳ್ಳುವವರೆಗೆ ಏನನ್ನೂ ಕೊಡದೆ ಕಾಯಿರಿ.

ಮತ್ತೆ ಮೇಜಿನ ಆಟಕ್ಕೆ ಬರುವುದಾದರೆ, ಕೊಡುವುದೆಂದು ನಿರ್ಧಾರವಾದ ಮೇಲೆ ಯಾರಿಗೆ ಕೊಡುವುದು ಎಂಬುದು ಉಳಿಯುತ್ತದೆ. ಸಾಮಾನ್ಯ ಆಯುಧ, ಕವಚಗಳು ಅರ್ಧ ಬೆಲೆಗೆ ಹೋಗುತ್ತವೆ. ಮಾಂತ್ರಿಕ ವಸ್ತುಗಳಿಗೆ ಕೊಳ್ಳುವವರು ಸಿಗುತ್ತಾರೆಯೇ ಎಂಬುದು ಡಿಎಂ ಮರ್ಜಿಗೆ ಬಿಟ್ಟದ್ದು, ಅದನ್ನು ಮುಂಚೆಯೇ ಕೇಳಿ. ಮಾರಿ ಬಂದ ಚಿನ್ನಕ್ಕೆ ಕೊಳ್ಳಲು ಏನೂ ಇಲ್ಲದ ಕಥೆಯಲ್ಲಿ ಮಾರುವುದರಲ್ಲಿ ಅರ್ಥವಿಲ್ಲ. ಅಂಥಲ್ಲಿ ಊರಿನ ಕಾವಲುಪಡೆಯ ಮುಖ್ಯಸ್ಥನಿಗೋ ಸಹಾಯ ಮಾಡಿದ ಪೂಜಾರಿಗೋ ವಸ್ತುವನ್ನು ಉಡುಗೊರೆಯಾಗಿ ಕೊಟ್ಟರೆ, ಮುಂದೆ ಆ ಪಾತ್ರದಿಂದ ತಂಡಕ್ಕೆ ನೆರವು ಸಿಗುವಂತೆ ಕಥೆ ಹೆಣೆಯಲು ಡಿಎಂಗೂ ಅವಕಾಶವಾಗುತ್ತದೆ. ಯಾರದೋ ಪಾತ್ರದ ತಂದೆಯ ಕತ್ತಿಯಂಥ ಕಥೆಗೆ ಅಂಟಿಕೊಂಡ ವಸ್ತುವಾದರೆ ಲೆಕ್ಕವನ್ನು ಪಕ್ಕಕ್ಕಿಟ್ಟು, ಆ ಆಟಗಾರನ ಮಾತೇ ಕೊನೆಯ ಮಾತು ಎಂದು ಒಪ್ಪಿಕೊಳ್ಳಿ. ಅಟ್ಯೂನ್‌ಮೆಂಟ್ ಬಿಡಿಸಿಕೊಳ್ಳಲು ಒಂದು ಶಾರ್ಟ್ ರೆಸ್ಟ್ (ಆಟದೊಳಗಿನ ಕಿರು ವಿಶ್ರಾಂತಿ), ಪಡೆದವನು ಅಟ್ಯೂನ್ ಆಗಲು ಇನ್ನೊಂದು ಶಾರ್ಟ್ ರೆಸ್ಟ್ ಬೇಕಾಗುವುದರಿಂದ ಹಸ್ತಾಂತರವನ್ನು ಕಾಳಗದ ಹೊಸ್ತಿಲಲ್ಲಿ ಮಾಡದೆ ಊರಿನಲ್ಲಿ ತಂಗಿರುವಾಗಲೇ ಮುಗಿಸಿಕೊಳ್ಳಿ. ಯಾವ ವಸ್ತು ಯಾರ ಕೈ ಸೇರಿತು, ಯಾವ ಊರಿನ ಯಾವ ವ್ಯಾಪಾರಿಗೆ ಹೋಯಿತು ಎಂಬುದನ್ನು ಎಲ್ಲರೂ ನೋಡಬಹುದಾದ ಒಂದೇ ಪುಸ್ತಕದಲ್ಲಿ ಅಂದೇ ಬರೆದಿಡಿ.