ಅತ್ತೆಯ ಪನ್ನೀರು ಗುಲಾಬಿ ಗೇಟಿನ ಹತ್ತಿರ ಬಂದದ್ದು

ನಮ್ಮತ್ತೆ ನೆಟ್ಟ ಪನ್ನೀರು ಗುಲಾಬಿಗೆ ಹತ್ತಿರಹತ್ತಿರ 15 ವರ್ಷ. ಪಕ್ಕದ ಸೈಟಿನಲ್ಲಿ ಮೂರು ಅಂತಸ್ತಿನ ಮನೆ ಎದ್ದ ಮೇಲೆ ಅದಕ್ಕೆ ಸಿಗುತ್ತಿದ್ದದ್ದು ಬೆಳಗಿನ ಒಂದೂವರೆ ಗಂಟೆ ಬಿಸಿಲು, ಅಷ್ಟೇ. ಕಡ್ಡಿಗಳು ಬೆಳಕು ಹುಡುಕಿಕೊಂಡು ಕಾಂಪೌಂಡ್ ಮೇಲೆ ವಾಲಿದ್ದವು. ಎಲೆ ತುಂಬ ಕಪ್ಪು ಚುಕ್ಕೆ. ವರ್ಷಕ್ಕೆ ಐದಾರು ಹೂವು ಬಿಟ್ಟರೆ ಜಾಸ್ತಿ. ಎರಡು ವರ್ಷದಲ್ಲಿ ಔಷಧಿಗೇ 800 ರೂಪಾಯಿ ಸುರಿದೆ. ಬಿಸಿಲೇ ಇಲ್ಲದ ಕಡೆ ಔಷಧಿ ಏನು ಮಾಡುತ್ತೆ, ಮಣ್ಣು!

ಬುಡಸಮೇತ ಎತ್ತಿ ಬಿಸಿಲಿರುವ ಗೇಟಿನ ಹತ್ತಿರ ನೆಡ್ತೀನಿ ಅಂದಾಗ ನರ್ಸರಿಯವನು, "ಸುಮ್ನೆ ಬಿಡಿ ಅಕ್ಕ, ಇಷ್ಟು ಹಳೇದು ಎತ್ತಿದ್ರೆ ಬದುಕಲ್ಲ. 80 ರೂಪಾಯಿಗೆ ಹೊಸದು ಕೊಡ್ತೀನಿ" ಅಂದ. ನಮ್ಮನೆಯವರದೂ ಅದೇ ರಾಗ. ಅವರನ್ನೂ ಬೈಯುವ ಹಾಗಿಲ್ಲ. ಹಿಂದಿನ ಮಾರ್ಚ್‌ನಲ್ಲಿ ಒಂದು ಕಸಿ ಕೆಂಪು ಗುಲಾಬಿಯನ್ನು ಹೀಗೇ ಎತ್ತಿ ಕೊಂದಿದ್ದೆ. ಎಲೆ, ಮೊಗ್ಗು ಸಮೇತ ಕಿತ್ತೆ. ಬುಡದ ಮಣ್ಣೆಲ್ಲ ದಾರಿಯಲ್ಲೇ ಉದುರಿತು. ಸಾಲದ್ದಕ್ಕೆ ಗುಂಡಿಗೆ ಹಸಿ ಸಗಣಿ ಗೊಬ್ಬರ. ಮೂರನೇ ದಿನಕ್ಕೆ ಗಿಡ ಹಪ್ಪಳದ ಹಾಗೆ ಒಣಗಿತು.

ಈ ಸಲ ಚಳಿಗೆ ಕಾದೆ. ನಮ್ಮ ಮೈಸೂರಿನಲ್ಲಿ ಈ ಕೆಲಸಕ್ಕೆ ಡಿಸೆಂಬರ್ರೇ ಸರಿ ಅಂತ ನನ್ನ ಲೆಕ್ಕ. ನವೆಂಬರ್ ಮೊದಲ ವಾರದಲ್ಲೇ ಬುಡದಿಂದ ಒಂದಡಿ ದೂರದಲ್ಲಿ ಅರ್ಧ ಸುತ್ತು ಸಲಾಕೆ ಇಳಿಸಿ ಬೇರು ಕತ್ತರಿಸಿದೆ. ಆ ಸಂದಿಗೆ ಎರೆಗೊಬ್ಬರ ತುಂಬಿದೆ. 18-20 ದಿನ ಬಿಟ್ಟು ಇನ್ನರ್ಧ ಸುತ್ತು. ಡಿಸೆಂಬರ್ ಕೊನೆಗೆ ಎತ್ತಿದಾಗ ಮೊದಲು ಕತ್ತರಿಸಿದ ಕಡೆ ಶಾವಿಗೆಯಂಥ ಬಿಳಿ ಬೇರು ಬಂದಿತ್ತು. ಅಲ್ಲಿಗೆ ನನಗೆ ಅರ್ಧ ಧೈರ್ಯ ಬಂತು.

ಎತ್ತುವ ಹಿಂದಿನ ದಿನ ಚೆನ್ನಾಗಿ ನೀರು ಕುಡಿಸಿ, ಕಡ್ಡಿಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಎಲೆ ಎಲ್ಲ ತೆಗೆದೆ. "ಇನ್ನೇನು ಉಳಿಸಿದೆ ಅಂತ ನೆಡ್ತೀಯಾ?" ಅಂದರು ಮನೆಯವರು. ಮಣ್ಣುಂಡೆಗೆ ಒದ್ದೆ ಗೋಣಿಚೀಲ ಸುತ್ತಿ ಗೇಟಿನ ಪಕ್ಕ ತಂದೆವು. ಅಲ್ಲಿ ಆರು ಗಂಟೆ ಬಿಸಿಲು. ಆಳಿಗೆ ಅರ್ಧ ದಿನದ ಕೂಲಿ 500. ಎರೆಗೊಬ್ಬರ, ಬೇವಿನ ಹಿಂಡಿ ಸೇರಿ ಇನ್ನೊಂದು 300 ಆಗಿರಬೇಕು. ಹತ್ತು ದಿನ ಹಳೇ ಕಾಟನ್ ಸೀರೆಯ ನೆರಳು. ನೆಟ್ಟ ಮೇಲೆ ಮೊದಲು ಹೊಯ್ದ ನೀರಿಗೆ ಅಡುಗೆಮನೆಯ ಸಾಮಾನೊಂದನ್ನು ಕಲಸಿದ್ದೆ. ಅದೇನಂತ ಸದ್ಯಕ್ಕೆ ಹೇಳಲ್ಲ.

ಕತ್ತರಿಸಿದ ಕಡ್ಡಿ ಎಸೆಯಲು ಮನಸ್ಸಾಗಲಿಲ್ಲ. ಆರನ್ನು ಆಲೂಗಡ್ಡೆಗೆ ಚುಚ್ಚಿ ನೆಟ್ಟೆ, ಇನ್ನಾರಕ್ಕೆ ಲೋಳೆಸರದ ಲೋಳೆ ಹಚ್ಚಿದೆ. ಲೋಳೆ ಹಚ್ಚಿದ್ದರಲ್ಲಿ ಮೂರೋ ನಾಲ್ಕೋ ಬೇರು ಬಿಟ್ಟವು. ಆಲೂಗಡ್ಡೆಯಿಂದ ಆಲೂಗಡ್ಡೆ ಗಿಡ ಬಂತು.

ಗುಲಾಬಿ ಮಾತ್ರ ಸುಮಾರು 20 ದಿನ ಬರೀ ಕಡ್ಡಿಯಾಗಿ ನಿಂತಿತ್ತು. ದಿನಾ ಬೆಳಿಗ್ಗೆ ಉಗುರಲ್ಲಿ ಸಿಪ್ಪೆ ಕೆರೆದು ಹಸಿರಿದೆಯಾ ಅಂತ ನೋಡುತ್ತಿದ್ದೆ. ಹಾಗೆ ಕೆರೆಯಬಾರದು, ಗೊತ್ತು. ತಡೆಯಲಾಗಲಿಲ್ಲ. ಆಮೇಲೊಂದು ದಿನ ಗೆಣ್ಣಿನಲ್ಲಿ ಅಕ್ಕಿಕಾಳಿನಷ್ಟು ಕೆಂಪು ಕಣ್ಣು! ಮಾರ್ಚ್ ಹೊತ್ತಿಗೆ ಒಂದೇ ವಾರದಲ್ಲಿ 20ರ ಮೇಲೆ ಹೂವು. ಮನೆಯವರು ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದರು, ತಾವೇ ಎತ್ತಿ ನೆಟ್ಟವರ ಹಾಗೆ.

ಹಳೇ ಗುಂಡಿಯಲ್ಲಿ ಉಳಿದ ಬೇರಿನಿಂದ ಈಗ ಎರಡು ಚಿಗುರು ಎದ್ದಿವೆ. ಅವಕ್ಕೂ ಡಿಸೆಂಬರ್ ಬರಲಿ ಅಂತ ಕಾಯ್ತಿದ್ದೀನಿ.