ಇಮೇಲ್ ಪಟ್ಟಿಯಿಂದ ಸೀಟು ತುಂಬಿಸಿದ್ದು

"ಈಗ ಇಮೇಲ್ ಯಾರು ನೋಡ್ತಾರೆ, ಬಿಡಪ್ಪ" ಅಂತ ನಮ್ಮ ನಾಟಕ ತಂಡದ ಹಿರಿಯರೊಬ್ಬರು ಮೂರು ವರ್ಷ ಹೇಳುತ್ತಲೇ ಇದ್ದರು. ಹೋದ ತಿಂಗಳ ಪ್ರಯೋಗಕ್ಕೆ ಬಾಗಿಲಲ್ಲಿ ನಿಂತು ಟಿಕೆಟ್ ಹರಿದವರು ಅವರೇ. ಒಟ್ಟು 170 ಚಿಲ್ಲರೆ ಜನ. ಮೇಲ್ ನೋಡಿ ಬಂದೆವು ಅಂದವರೇ 90ರ ಮೇಲೆ.

ಮೈಸೂರಿನ ಹವ್ಯಾಸಿ ನಾಟಕ ತಂಡಗಳ ಪಾಡು ಗೊತ್ತಲ್ವಾ. ಮೊದಲೆಲ್ಲ 600 ಆಹ್ವಾನ ಪತ್ರಿಕೆ ಹಾಕಿಸುತ್ತಿದ್ದೆವು. ಪ್ರಿಂಟಿಗೆ ಒಂದಕ್ಕೆ 7-8 ರೂಪಾಯಿ, ಸ್ಟ್ಯಾಂಪಿಗೆ 5. ಪ್ರತಿ ಸಲ ಹತ್ತಿರ ಹತ್ತಿರ 8 ಸಾವಿರ ಕೈಬಿಟ್ಟು ಹೋಗುತ್ತಿತ್ತು. ಬರುತ್ತಿದ್ದವರು 60 ಜನ, ಅದರಲ್ಲಿ ಅರ್ಧ ನಟರ ಮನೆಯವರು. ವಾಟ್ಸಾಪ್ ಬ್ರಾಡ್‌ಕಾಸ್ಟೂ ಮಾಡಿ ನೋಡಿದೆ. ಒಂದು ಪಟ್ಟಿಗೆ 256 ಜನ, ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಪ್ರೇಕ್ಷಕರು ನಮ್ಮ ನಂಬರ್ ಯಾಕೆ ಇಟ್ಟುಕೊಳ್ತಾರೆ?

ಕೊನೆಗೆ ಇಮೇಲ್ ಹಿಡಿದೆ. ಮೊದಲ ಮೇಲ್‌ನಲ್ಲೇ ಮರ್ಯಾದೆ ಹೋಯಿತು. 140 ವಿಳಾಸವನ್ನೂ ‘ಟು’ ಜಾಗದಲ್ಲೇ ತುಂಬಿಬಿಟ್ಟಿದ್ದೆ. ಒಬ್ಬರು ರಿಪ್ಲೈ ಆಲ್ ಒತ್ತಿ "ಅವತ್ತು ಮೊಮ್ಮಗನ ನಾಮಕರಣ, ಬರಕ್ಕಾಗಲ್ಲ" ಅಂದರು. ಅದಕ್ಕೆ ಹತ್ತು ಹನ್ನೆರಡು ಶುಭಾಶಯ ಬಂದವು, ಅವೂ ಎಲ್ಲರಿಗೂ. ಇನ್ನೊಬ್ಬ ಆಸಾಮಿ ಆ 140 ವಿಳಾಸವನ್ನೂ ಎತ್ತಿಕೊಂಡು ಸೈಟ್ ಮಾರಲು ಹೊರಟ. ಅವತ್ತಿಂದ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಬಿಸಿಸಿ ಬಿಟ್ಟು ಬೇರೆ ಮಾತಿಲ್ಲ.

ಆಮೇಲೆ ಪಟ್ಟಿ 600 ದಾಟಿತು. ಉಚಿತ ಜಿಮೇಲ್‌ನಲ್ಲಿ ದಿನಕ್ಕೆ 500 ಜನಕ್ಕಷ್ಟೇ ಅನ್ನೋದು ಗೊತ್ತಿದ್ದೂ, ಪ್ರಯೋಗದ ಹಿಂದಿನ ಸಂಜೆ ಒಟ್ಟಿಗೆ ತಳ್ಳಿದೆ. ಕಳಿಸುವುದೇ ನಿಂತಿತು. ಸರಿಹೋಗುವಷ್ಟರಲ್ಲಿ ಮೂರನೇ ಬೆಲ್ ಆಗಿತ್ತು. ತಪ್ಪು ನಂದೇ.

ಈಗ ಕಾಂಟ್ಯಾಕ್ಟ್ಸ್‌ನಲ್ಲಿ ಸಣ್ಣ ಸಣ್ಣ ಲೇಬಲ್ ಮಾಡಿದ್ದೇನೆ: ‘ಬಂದವರು’, ‘ಬರ್ತೀನಿ ಅಂದು ಬರದವರು’, ‘ಮೇಷ್ಟ್ರುಗಳು’, ‘ಬೆಂಗಳೂರು’, ಹೀಗೆ. ಯಾವುದೂ 90 ದಾಟಲ್ಲ. ಬೆಂಗಳೂರಿನವರಿಗೆ ವಾರ ಮುಂಚೆ, ಊರಿನವರಿಗೆ ಗುರುವಾರ.

ಆದರೆ ನಿಜವಾದ ಕೆಲಸ ಇರುವುದು ಪ್ರೇಕ್ಷಕರು ಇಮೇಲ್ ವಿಳಾಸ ಬರೆಯಲಿ ಅಂತ ಬಾಗಿಲಲ್ಲಿ ಇಡುವ ಪುಸ್ತಕದಲ್ಲಿ. ನಮ್ಮ ಪ್ರೇಕ್ಷಕರಲ್ಲಿ ವಯಸ್ಸಾದವರು ಜಾಸ್ತಿ, ಇನ್ನೂ ಯಾಹೂ, ರೆಡಿಫ್‌ಮೇಲ್ ಬಳಸುತ್ತಾರೆ. ಅವರ ವಿಳಾಸದ ಅಂಡರ್‌ಸ್ಕೋರ್ (_) ನೋಟ್‌ಬುಕ್ಕಿನ ನೀಲಿ ಗೆರೆಯಲ್ಲಿ ಸೇರಿಕೊಂಡು ಕಾಣುವುದೇ ಇಲ್ಲ. ಮೊದಲ ಸಲ ಮೂವತ್ತು ಮೇಲ್ ವಾಪಸ್ ಬಂದವು. ಅದರಲ್ಲಿ ಹೆಚ್ಚಿನವು ಇದೇ. ಜಿಮೇಲ್‌ನವರದ್ದು ಚುಕ್ಕಿ ತಪ್ಪಿದರೂ ನಡೆಯುತ್ತದೆ, ಅಲ್ಲಿ ಚುಕ್ಕಿಗೆ ಲೆಕ್ಕವಿಲ್ಲ. ಈಗ 40 ರೂಪಾಯಿಯ ಗೆರೆಯಿಲ್ಲದ ಡ್ರಾಯಿಂಗ್ ಪುಸ್ತಕ ಇಡುತ್ತೇನೆ, ಪಕ್ಕದಲ್ಲಿ ಫೋನ್ ನಂಬರಿಗೂ ಜಾಗ. ಅದೇ ರಾತ್ರಿ, ಹುಡುಗರು ಇನ್ನೂ ಬಣ್ಣ ಒರೆಸಿಕೊಳ್ಳುತ್ತಿರುವಾಗಲೇ, ಧನ್ಯವಾದದ ಮೇಲ್ ಹೋಗುತ್ತದೆ. ವಾಪಸ್ ಬಂದರೆ ಬೆಳಿಗ್ಗೆ ಫೋನ್.

ಸುಮ್ನೆ ಇನ್ನೊಂದು ಮಾಡಿ ನೋಡಿದೆ. ಅರ್ಧ ಜನಕ್ಕೆ 4 ಎಂಬಿ ಪೋಸ್ಟರ್, ಉಳಿದವರಿಗೆ ಬರೀ ಮೂರು ಸಾಲು ಮತ್ತು ನಾಟಕದ ಒಂದು ಮಾತು. ಮೂರು ಸಾಲಿನವರಿಂದಲೇ ಜಾಸ್ತಿ ಉತ್ತರ ಬಂತು. ಪೋಸ್ಟರ್ ಮಾಡಿದ ಹುಡುಗನಿಗೆ ಇನ್ನೂ ಹೇಳಿಲ್ಲ. ಸಬ್ಜೆಕ್ಟ್ ಸಾಲಿನಲ್ಲಿ ಏನು ಬರೀತೀನಿ ಅನ್ನೋದನ್ನ ಮಾತ್ರ ಇಲ್ಲಿ ಹೇಳಲ್ಲ. ನಮ್ಮೂರಲ್ಲಿ ಬೇರೆ ತಂಡಗಳೂ ಇವೆ.

ಆ ಹಿರಿಯರು ಮೊನ್ನೆ ತಮ್ಮ ಅಳಿಯನ ವಿಳಾಸ ಬರೆದುಕೊಟ್ಟರು, ಗೆರೆ ಹಾಳೆಯಲ್ಲಿ.